ಬ್ಯಾಟರಿ ಬದಲಿಸುವ ಮುಂಚೆ ಮೂರು ರಾತ್ರಿ

ಮಲೆನಾಡಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಮಳೆಗಾಲದ ಉದ್ದಕ್ಕೂ ಕೇಳಿಬರುವ ದೂರುಗಳು ಎರಡು. ಒಂದು, ಚಾರ್ಜ್ ನಿಲ್ಲುವುದಿಲ್ಲ. ಇನ್ನೊಂದು, ನೆಟ್‌ವರ್ಕ್ ಸಿಗುವುದಿಲ್ಲ. ಮೊದಲನೆಯದಕ್ಕೆ ಹೊಸ ಬ್ಯಾಟರಿ, ಎರಡನೆಯದಕ್ಕೆ ಹೊಸ ಸಿಮ್, ಎರಡೂ ಸೇರಿದರೆ ಹೊಸ ಫೋನ್ ಎಂದು ಗಿರಾಕಿಗಳೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಎರಡೂ ದೂರು ಒಂದೇ ಮೂಲದಿಂದ ಹುಟ್ಟಿರಬಹುದು ಎಂಬ ಅನುಮಾನ ಬರುವುದು ಕಡಿಮೆ.

ತೀರ್ಥಹಳ್ಳಿ ಪೇಟೆಯ ಅಂಥದೊಂದು ಅಂಗಡಿಗೆ ಬಂದ ಅಂಗನವಾಡಿ ಟೀಚರ್ ಕೂಡ ಬ್ಯಾಟರಿ ಹಾಕಿಸಲೆಂದೇ ಬಂದಿದ್ದರು. ವಯಸ್ಸು ಐವತ್ತರ ಹತ್ತಿರ, ಆಗುಂಬೆ ಕಡೆಯ ಹಳ್ಳಿಯೊಂದರಲ್ಲಿ ಕೆಲಸ. ಕೌಂಟರಿನ ಹಿಂದೆ ಕೂತಿದ್ದ ರಿಪೇರಿಯವನಿಗೆ ಇನ್ನೂ ಮೂವತ್ತು ಆಗಿರಲಿಲ್ಲ.

“ಬ್ಯಾಟರಿ ಹಾಕಿಬಿಡು ತಮ್ಮಾ. ಬೆಳಿಗ್ಗೆ ನೂರು ಇದ್ದದ್ದು, ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸುವಷ್ಟರಲ್ಲಿ ಮೂವತ್ತಕ್ಕೆ ಬಂದಿರ್ತದೆ.”

“ಸೆಟ್ ತಗೊಂಡು ಎಷ್ಟು ಸಮಯ ಆಯ್ತು ಟೀಚರೇ?”

“ಎರಡು ವರ್ಷ ಆಗ್ತಾ ಬಂತು.”

ಅವನು ಫೋನಿನ ಕವರ್ ತೆಗೆದು ಗಾಜಿನ ಮೇಲೆ ಮಲಗಿಸಿದ. ಬೆರಳಿನಿಂದ ಒಂದು ಮೂಲೆ ಒತ್ತಿ ನೋಡಿದ, ಆಮೇಲೆ ಇನ್ನೊಂದು ಮೂಲೆ. ಬ್ಯಾಟರಿ ಉಬ್ಬಿದ್ದರೆ ಹಿಂಬದಿಯ ಪ್ಲೇಟು ಎದ್ದು, ಸಪಾಟು ಜಾಗದಲ್ಲಿ ಫೋನು ಅಲ್ಲಾಡುತ್ತದೆ. ಇದು ಅಲ್ಲಾಡಲಿಲ್ಲ. ಚಾರ್ಜರ್ ಮತ್ತು ಫೋನಿನ ನಡುವೆ ಯುಎಸ್‌ಬಿ ಟೆಸ್ಟರ್ ಸಿಕ್ಕಿಸಿ ಎಷ್ಟು ಕರೆಂಟು ಒಳಗೆ ಹೋಗುತ್ತಿದೆ ಎಂದೂ ನೋಡಿದ. ಅದೂ ಸರಿಯಾಗಿತ್ತು.

“ನೀವು ಮೀಟಿಂಗಿಗೆ ಅಂತ ಇಲ್ಲಿಗೆ ಬರ್ತೀರಲ್ಲ, ಆವತ್ತು ಚಾರ್ಜ್ ಹೇಗಿರ್ತದೆ?”

ಟೀಚರ್ ಸ್ವಲ್ಪ ಹೊತ್ತು ಯೋಚಿಸಿದರು. “ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಬಂದ ದಿನ ಸಂಜೆಯವರೆಗೂ ಬರ್ತದೆ. ಹಾಂ, ಮನೆ ಮುಟ್ಟುವಾಗಲೂ ಅರ್ಧ ಇರ್ತದೆ. ಆವತ್ತು ಕೆಲಸ ಕಡಿಮೆ ಇರ್ತದಲ್ಲ, ಅದಕ್ಕೆ ಅಂದ್ಕೊಂಡಿದ್ದೆ.”

“ಕೆಲಸ ಕಡಿಮೆ ಇರೋದೂ ಒಂದು ಕಾರಣವೇ. ಆದರೆ ಹಾಳಾದ ಬ್ಯಾಟರಿ ಪೇಟೆಯಲ್ಲಿ ಒಂದು, ಹಳ್ಳಿಯಲ್ಲಿ ಒಂದು ಅಂತ ಭೇದ ಮಾಡೋದಿಲ್ಲ. ಎರಡೂ ಕಡೆ ಒಂದೇ ಥರ ಇಳೀಬೇಕು. ಇಲ್ಲಿ ಮತ್ತು ಅಲ್ಲಿ ಬೇರೆ ಇರೋದು ಒಂದೇ, ಟವರ್ ಎಷ್ಟು ದೂರ ಅನ್ನೋದು.”

ಫೋನು ಎಂದರೆ ಮಾತನ್ನು ಹಿಡಿಯುವ ಯಂತ್ರ ಮಾತ್ರವಲ್ಲ, ಮಾತನ್ನು ಕಳಿಸುವ ಪುಟ್ಟ ರೇಡಿಯೋ ಕೇಂದ್ರವೂ ಹೌದು. ಟವರಿನಿಂದ ಬರುವ ಅಲೆಯನ್ನು ಹಿಡಿಯಲು ಹೆಚ್ಚು ಶಕ್ತಿ ಬೇಡ. ತಾನು ಕಳಿಸುವುದು ಟವರಿಗೆ ಮುಟ್ಟಬೇಕಲ್ಲ, ಖರ್ಚು ಇರುವುದು ಅಲ್ಲಿ. ಎಷ್ಟು ಜೋರಾಗಿ ಕಳಿಸಬೇಕು ಎಂದು ಟವರು ಫೋನಿಗೆ ಸತತವಾಗಿ ಹೇಳುತ್ತಲೇ ಇರುತ್ತದೆ. ಟವರ್ ಹತ್ತಿರವಿದ್ದರೆ ಒಂದು ಮಿಲಿವಾಟ್‌ಗಿಂತ ಕಡಿಮೆ ಶಕ್ತಿಯಲ್ಲೂ ಕೆಲಸ ಸಾಗುತ್ತದೆ. ದೂರವಾದಂತೆ ಏರುತ್ತಾ ಹೋಗಿ, ಸಾಮಾನ್ಯ 4ಜಿ ಫೋನು 200 ಮಿಲಿವಾಟ್‌ವರೆಗೂ ಹೋಗುತ್ತದೆ. ಆ 200 ಮಿಲಿವಾಟ್ ಆಂಟೆನಾದಿಂದ ಹೊರಗೆ ಬೀಳಬೇಕಾದರೆ ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ; ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಜೇಬಿನಲ್ಲಿ ಸುಮ್ಮನಿದ್ದ ಫೋನು ಬೆಚ್ಚಗಾಗುವುದು ಹೀಗೂ ಉಂಟು.

“ಗದ್ದೆಯ ಈ ಅಂಚಿನಿಂದ ಆ ಅಂಚಿಗೆ ಕೂ ಹಾಕಿ ಕರೀತೇವಲ್ಲ ಟೀಚರೇ, ಹಾಗೆ. ಪಕ್ಕದಲ್ಲಿದ್ದವರಿಗೆ ಪಿಸುಗುಟ್ಟಿದರೂ ಕೇಳ್ತದೆ. ನಿಮ್ಮ ಸೆಟ್ ಅಂಗನವಾಡಿಯಲ್ಲಿ ಇಡೀ ದಿನ ಕೂ ಹಾಕ್ತಾ ಇದೆ.”

“ನಾನು ಫೋನ್ ಮಾಡೋದೇ ಎರಡೋ ಮೂರೋ ಸಲ ಮಾರಾಯ.”

“ನೀವು ಮಾಡೋದಿಲ್ಲ, ಅದು ಮಾಡ್ತದೆ.”

ಸುಮ್ಮನೆ ಇಟ್ಟ ಫೋನು ಕೂಡ ಪೂರ್ತಿ ಮಲಗುವುದಿಲ್ಲ. ತನಗೆ ಕರೆ ಬಂದಿದೆಯೇ ಎಂದು ನೋಡಲು 4ಜಿ ಫೋನು ಸಾಮಾನ್ಯವಾಗಿ ಒಂದೂಕಾಲು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಎಚ್ಚರಗೊಂಡು ಮತ್ತೆ ಮಲಗುತ್ತದೆ. ಸಿಗ್ನಲ್ ಗಟ್ಟಿಯಿದ್ದರೆ ಇದರ ಖರ್ಚು ಬಹಳ ಕಡಿಮೆ. ಸಿಗ್ನಲ್ ಕೈತಪ್ಪಿದರೆ ಮಾತ್ರ ಹುಡುಕಾಟ ಶುರುವಾಗುತ್ತದೆ. ಭಾರತದಲ್ಲಿ 4ಜಿ ನಡೆಯುವುದು ಹಲವು ಬ್ಯಾಂಡ್‌ಗಳಲ್ಲಿ. ಫೋನು ಅವನ್ನೆಲ್ಲ ಒಂದೊಂದಾಗಿ ತಡಕಾಡಿ, 2ಜಿಯನ್ನೂ ನೋಡಿ, ಎಲ್ಲೂ ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಗುಡ್ಡದ ಮರೆಯ ಹಳ್ಳಿಯಲ್ಲಿ ದಿನವಿಡೀ ಇದೇ ನಡೆಯುತ್ತಿರುತ್ತದೆ.

ಟೀಚರ್‌ಗೆ ಒಂದು ವಿಷಯ ಒಗಟಾಗಿತ್ತು. “ಕಡ್ಡಿ ಎರಡು ತೋರಿಸ್ತದಲ್ಲ? ಖಾಲಿ ಏನಲ್ಲ.”

“ಕಡ್ಡಿ ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಅಂತ ಒಂದೊಂದು ಕಂಪನಿ ಒಂದೊಂದು ಥರ ಇಟ್ಟಿರ್ತದೆ. ಅಂಕಿ ನೋಡಿ.”

ಅವನು ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ತೆರೆದು ತೋರಿಸಿದ. ‘ಸಿಗ್ನಲ್ ಸ್ಟ್ರೆಂತ್’ ಎಂಬಲ್ಲಿ ಮೈನಸ್ 84 ಡಿಬಿಎಂ ಎಂದಿತ್ತು. ಈ ಅಂಕಿಯನ್ನು ಓದುವುದು ಕಷ್ಟವಲ್ಲ: ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. 4ಜಿಯಲ್ಲಿ ಮೈನಸ್ 85ರ ಆಸುಪಾಸು ಒಳ್ಳೆಯದು, ಮೈನಸ್ 100 ನಡೆಯುತ್ತದೆ, ಮೈನಸ್ 115 ದಾಟಿದರೆ ಪರದಾಟ. ಪ್ರತಿ 10 ಡಿಬಿ ಇಳಿದಾಗಲೂ ಶಕ್ತಿ ಹತ್ತನೇ ಒಂದಕ್ಕೆ ಕುಸಿಯುತ್ತದೆ. ಅಂದರೆ ಮೈನಸ್ 84ಕ್ಕೂ ಮೈನಸ್ 114ಕ್ಕೂ ಇರುವ ಅಂತರ ಸಾವಿರ ಪಟ್ಟು.

“ಹಾಗಾದರೆ ಬ್ಯಾಟರಿ ಬೇಡವೋ?”

“ಈಗಲೇ ಹೇಳೋಕಾಗೋದಿಲ್ಲ. ಮೂರು ರಾತ್ರಿ ಒಂದು ಪರೀಕ್ಷೆ ಮಾಡಿ. ಮೊದಲ ರಾತ್ರಿ ಮಲಗೋ ಮುಂಚೆ ಏರ್‌ಪ್ಲೇನ್ ಮೋಡ್ ಹಾಕಿ, ಎಷ್ಟು ಪರ್ಸೆಂಟ್ ಇದೆ ಬರೆದಿಡಿ. ಬೆಳಿಗ್ಗೆ ಎದ್ದು ಮತ್ತೆ ಬರೀರಿ. ಎರಡನೇ ರಾತ್ರಿ ಏರ್‌ಪ್ಲೇನ್ ಮೋಡ್ ಇರಲಿ, ವೈಫೈ ಮಾತ್ರ ಆನ್ ಮಾಡಿ. ಮೂರನೇ ರಾತ್ರಿ ವೈಫೈ ಆಫ್, ಎರಡೂ ಸಿಮ್ ಆನ್, ಯಾವಾಗಲೂ ಹೇಗಿರ್ತದೋ ಹಾಗೆ. ಮೊದಲ ರಾತ್ರಿಯೇ ತುಂಬಾ ಇಳಿದರೆ ಬ್ಯಾಟರಿಯೋ, ಬೋರ್ಡಿನ ಲೀಕೇಜೋ, ಯಾವುದಾದರೂ ಆ್ಯಪ್ಪೋ ಇರ್ತದೆ. ಸೆಟ್ ಬಿಚ್ಚಿ ನೋಡುವ. ಮೂರನೇ ರಾತ್ರಿ ಮಾತ್ರ ಇಳಿದರೆ ಹೊಸ ಬ್ಯಾಟರಿ ಹಾಕಿದರೂ ನಿಮ್ಮ ದುಡ್ಡು ದಂಡ.”

ಬೋರ್ಡಿನ ಲೀಕೇಜ್ ಎನ್ನುವುದು ರಿಪೇರಿಯವರ ಬೆಂಚಿನ ಮಾತು. ಬ್ಯಾಟರಿ ಕಳಚಿ ಬೋರ್ಡನ್ನು ಡಿಸಿ ಪವರ್ ಸಪ್ಲೈಗೆ ಕೊಟ್ಟು ನಾಲ್ಕು ವೋಲ್ಟಿನ ಹತ್ತಿರ ಇಡುತ್ತಾರೆ. ಪವರ್ ಬಟನ್ ಒತ್ತುವ ಮುಂಚೆ ಮೀಟರಿನಲ್ಲಿ ಕರೆಂಟು ಸೊನ್ನೆ ಇರಬೇಕು. ಸ್ವಿಚ್ ಆಫ್ ಆಗಿರುವಾಗಲೇ ಮುಳ್ಳು ಮೇಲೆದ್ದರೆ ಯಾವುದೋ ಕೆಪಾಸಿಟರ್ ಅಥವಾ ಐಸಿ ಕರೆಂಟು ಸೋರಿಸುತ್ತಿದೆ ಎಂದರ್ಥ. ನೀರು ಹೊಕ್ಕ ಸೆಟ್ಟುಗಳಲ್ಲಿ ಇದು ಸಾಮಾನ್ಯ. ಅಂಥ ಫೋನಿಗೆ ಎಷ್ಟು ಬ್ಯಾಟರಿ ಬದಲಿಸಿದರೂ ಫಲವಿಲ್ಲ.

ಬ್ಯಾಟರಿ ನಿಜಕ್ಕೂ ಮುಪ್ಪಾಗುವುದಿಲ್ಲವೇ ಎಂದರೆ, ಆಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮೊದಲು ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ವಾಪಸು ಹೊರಡುತ್ತವೆ. ಪ್ರತಿ ಸಲವೂ ಕೆಲವು ಅಯಾನುಗಳು ದಾರಿಯಲ್ಲೇ ಬೇರೆ ರಾಸಾಯನಿಕಗಳಿಗೆ ಅಂಟಿಕೊಂಡು ಕೆಲಸಕ್ಕೆ ಬಾರದೆ ಹೋಗುತ್ತವೆ. ಬಿಸಿ ಹೆಚ್ಚಿದಷ್ಟೂ, ನೂರಕ್ಕೆ ನೂರು ತುಂಬಿಯೇ ಇಟ್ಟಷ್ಟೂ ಈ ನಷ್ಟ ಬೇಗ. ಐರೋಪ್ಯ ಒಕ್ಕೂಟ 2025ರ ಜೂನ್‌ನಿಂದ ಜಾರಿಗೆ ತಂದ ನಿಯಮದ ಪ್ರಕಾರ, ಅಲ್ಲಿ ಮಾರುವ ಫೋನಿನ ಬ್ಯಾಟರಿ 800 ಪೂರ್ಣ ಚಾರ್ಜುಗಳ ನಂತರವೂ ಮೂಲ ಸಾಮರ್ಥ್ಯದ ಕನಿಷ್ಠ 80 ಪ್ರತಿಶತ ಉಳಿಸಿಕೊಂಡಿರಬೇಕು. ದಿನಕ್ಕೊಂದು ಪೂರ್ಣ ಚಾರ್ಜ್ ಎಂದು ಹಿಡಿದರೆ ಅದು ಎರಡು ವರ್ಷ ದಾಟುತ್ತದೆ. ನೆಟ್‌ವರ್ಕ್ ಕೊರತೆಯಿಂದ ದಿನಕ್ಕೆರಡು ಸಲ ಚಾರ್ಜ್ ಮಾಡಬೇಕಾಗಿ ಬಂದರೆ ಅಷ್ಟೇ ಚಾರ್ಜುಗಳು ಒಂದು ವರ್ಷ ಚಿಲ್ಲರೆಯಲ್ಲಿ ಮುಗಿದುಹೋಗುತ್ತವೆ. ದೂರದ ಟವರು ಆ ದಿನದ ಚಾರ್ಜನ್ನು ಮಾತ್ರವಲ್ಲ, ಬ್ಯಾಟರಿಯ ಆಯುಷ್ಯವನ್ನೂ ತಿನ್ನುತ್ತದೆ.

ಮುಂದಿನ ವಾರ ಟೀಚರ್ ಒಂದು ಹಾಳೆ ಹಿಡಿದುಕೊಂಡೇ ಬಂದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಲೆಕ್ಕ ಅದರಲ್ಲಿತ್ತು. ಏರ್‌ಪ್ಲೇನ್ ಮೋಡಿನಲ್ಲಿ ಎರಡು ಪರ್ಸೆಂಟ್ ಇಳಿದಿತ್ತು. ವೈಫೈ ಮಾತ್ರ ಇದ್ದ ರಾತ್ರಿ ಐದು. ಎರಡೂ ಸಿಮ್ ಆನ್ ಇದ್ದ ರಾತ್ರಿ ಇಪ್ಪತ್ತೇಳು.

“ಬ್ಯಾಟರಿ ಗಟ್ಟಿ ಇದೆ,” ಎಂದ ಅವನು. “ಎರಡನೇ ಸಿಮ್ ಯಾವುದು?”

“ಹಳೇದು. ಮಗ ಓದುವಾಗ ತಗೊಂಡಿದ್ದು. ನಮ್ಮೂರಲ್ಲಿ ಅದರ ಟವರ್ ಇಲ್ಲ. ಆದರೂ ಬ್ಯಾಂಕಿಗೆ ಅದೇ ನಂಬರ್ ಕೊಟ್ಟಿದ್ದೇನೆ, ಹಾಗಾಗಿ ತೆಗೆದಿಲ್ಲ.”

“ತೆಗೀಬೇಡಿ, ಆಫ್ ಮಾಡಿಡಿ. ಸೆಟ್ಟಿಂಗ್ಸಿನಲ್ಲಿ ಒಂದೊಂದು ಸಿಮ್ಮನ್ನೂ ಬೇರೆ ಬೇರೆ ಆಫ್ ಮಾಡಬಹುದು. ಪೇಟೆಗೆ ಬಂದಾಗ, ಬ್ಯಾಂಕಿನ ಕೆಲಸ ಇದ್ದಾಗ ಆನ್ ಮಾಡಿ. ಟವರೇ ಇಲ್ಲದ ಸಿಮ್ಮು ಇಡೀ ರಾತ್ರಿ ಹುಡುಕ್ತಾ ಇರ್ತದೆ.”

ಎರಡನೆಯ ಬದಲಾವಣೆ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ನಲ್ಲಿ. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಇದರ ಮುಖ್ಯ ಬ್ಯಾಂಡ್ 3300 ಮೆಗಾಹರ್ಟ್ಸ್‌ಗಿಂತ ಮೇಲಿನದು. ಕಂಪನಾಂಕ ಹೆಚ್ಚಾದಷ್ಟೂ ಅಲೆ ಗೋಡೆ ದಾಟುವುದು, ಗುಡ್ಡ ಬಳಸಿ ಬರುವುದು ಕಷ್ಟ. ಕೆಲವು ಕಡೆ 5ಜಿ ಸಂಪರ್ಕ 4ಜಿಯ ಆಸರೆಯಲ್ಲೇ ನಡೆಯುವುದರಿಂದ ಫೋನು ಎರಡೂ ರೇಡಿಯೋಗಳನ್ನು ಒಟ್ಟಿಗೆ ಎಚ್ಚರ ಇಡಬೇಕಾಗುತ್ತದೆ. 5ಜಿಯ ಅಂಚು ಮಾತ್ರ ತಾಗುವ ಊರಿನಲ್ಲಿ ಫೋನು ಅದನ್ನು ಹಿಡಿಯುವುದು, ಬಿಡುವುದು, 4ಜಿಗೆ ಮರಳುವುದು ಇಷ್ಟರಲ್ಲೇ ದಿನ ಕಳೆಯುತ್ತದೆ. ಟೀಚರ್ ಊರಿನಲ್ಲಿ ಬಸ್ಸು ಘಟ್ಟದ ತಿರುವು ಹತ್ತಿದಾಗಷ್ಟೇ 5ಜಿ ಗುರುತು ಮೂಡುತ್ತಿತ್ತು. ಅವನು 4ಜಿಯವರೆಗಿನ ಆಯ್ಕೆ ಇಟ್ಟು, 4ಜಿಯಲ್ಲೇ ಕರೆ ಸಾಗಿಸುವ ವೋಲ್ಟಿ ಆನ್ ಇದೆಯೇ ಎಂದು ಖಚಿತಪಡಿಸಿಕೊಂಡ. ಅದು ಆಫ್ ಆಗಿದ್ದರೆ ಪ್ರತಿ ಕರೆಗೂ ಫೋನು 2ಜಿ ಹುಡುಕಿಕೊಂಡು ಹೋಗಬೇಕು. 2ಜಿ ಇಲ್ಲದ ಕಂಪನಿಯ ಸಿಮ್ಮಿನಲ್ಲಿ ಕರೆಯೇ ಹೋಗುವುದಿಲ್ಲ.

“ನಾನು ದಿನಕ್ಕೆ ಹತ್ತು ಸಲ ಎಲ್ಲ ಆ್ಯಪ್ ತಳ್ಳಿ ಮುಚ್ತೇನೆ. ಅದರಿಂದ ಉಳೀತದೋ?”

“ಇಲ್ಲ ಟೀಚರೇ. ಹಿಂದೆ ಇರೋ ಆ್ಯಪ್‌ಗಳನ್ನ ಆಂಡ್ರಾಯ್ಡೇ ತಡೆದು ಇಟ್ಟಿರ್ತದೆ. ನೀವು ಪೂರ್ತಿ ಮುಚ್ಚಿದರೆ ಮುಂದಿನ ಸಲ ಮೊದಲಿನಿಂದ ಎಬ್ಬಿಸೋಕೆ ಜಾಸ್ತಿ ಹೋಗ್ತದೆ. ಬ್ಯಾಟರಿ ಉಳಿಸ್ತೇವೆ ಅಂತ ಬರೋ ಆ್ಯಪ್‌ಗಳನ್ನಂತೂ ತೆಗೆದುಬಿಡಿ.”

ಫೋನು ಮೇಜಿನ ಮೇಲೆ ಅಲ್ಲಾಡದೆ ಬಿದ್ದಿರುವಾಗ ಆ್ಯಪ್‌ಗಳ ಓಡಾಟವನ್ನು ಕಟ್ಟಿಹಾಕುವ ‘ಡೋಜ್’ ಎಂಬ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೇ ಇದೆ. ಪರದೆಯ ವಿಷಯದಲ್ಲಿ ಡಾರ್ಕ್ ಮೋಡ್ ಬಗ್ಗೆಯೂ ನಂಬಿಕೆಗಳಿವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಒಎಲ್‌ಇಡಿ ಪರದೆಯ ಫೋನುಗಳನ್ನು ಅಳೆದು ನೋಡಿದಾಗ, ಬೆಳಕು 30ರಿಂದ 50 ಪ್ರತಿಶತ ಇದ್ದರೆ ಡಾರ್ಕ್ ಮೋಡಿನಿಂದ ಉಳಿಯುವುದು ಸರಾಸರಿ 3ರಿಂದ 9 ಪ್ರತಿಶತ ಮಾತ್ರ ಎಂದು ಕಂಡಿತು. ಪರದೆಯ ಬೆಳಕು ನೂರಕ್ಕೆ ಏರಿಸಿದಾಗ ಉಳಿತಾಯ 39ರಿಂದ 47 ಪ್ರತಿಶತ. ಬಿಸಿಲಿನಲ್ಲಿ ನಿಂತು ಕೆಲಸ ಮಾಡುವವರಿಗೆ ಅದು ಪ್ರಯೋಜನ, ಕೋಣೆಯೊಳಗೆ ಅಷ್ಟಿಲ್ಲ. ಹಳೆಯ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುವುದರಿಂದ ಈ ಲೆಕ್ಕ ನಡೆಯುವುದಿಲ್ಲ.

ಅವನು ಬ್ಯಾಟರಿ ಯೂಸೇಜ್ ಪಟ್ಟಿ ತೆರೆದು ಮೇಲಿನ ಸಾಲುಗಳನ್ನು ತೋರಿಸಿದ. ‘ಮೊಬೈಲ್ ನೆಟ್‌ವರ್ಕ್’ ಎಲ್ಲದಕ್ಕಿಂತ ಮೇಲಿತ್ತು. ಅದರ ಕೆಳಗೆ ಫೋಟೋಗಳನ್ನು ತಾನಾಗಿ ಕ್ಲೌಡಿಗೆ ಏರಿಸುವ ಆ್ಯಪ್. ನೆಟ್‌ವರ್ಕ್ ಸಾಲದ ಕಡೆ ಅರ್ಧ ಏರಿದ ಫೋಟೋ ನಿಂತುಹೋಗುತ್ತದೆ, ಆ್ಯಪ್ ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಪ್ರಯತ್ನಕ್ಕೂ ರೇಡಿಯೋ ಪೂರ್ತಿ ಶಕ್ತಿಯಲ್ಲಿ ಉರಿಯುತ್ತದೆ. ಅದನ್ನು ವೈಫೈ ಇದ್ದಾಗ ಮಾತ್ರ ಎಂದು ಬದಲಿಸಿದ. ವಾಟ್ಸ್‌ಆ್ಯಪ್ ಗ್ರೂಪುಗಳ ವಿಡಿಯೊ ತಾನಾಗಿ ಇಳಿಯುವುದನ್ನೂ ನಿಲ್ಲಿಸಿದ.

“ಆದರೆ ಕೆಲಸದ ಆ್ಯಪ್ ಬಿಡೋಕಾಗೋದಿಲ್ಲ,” ಎಂದರು ಟೀಚರ್.

ಅವರು ಹೇಳಿದ್ದು ಪೋಷಣ್ ಟ್ರ್ಯಾಕರ್ ಬಗ್ಗೆ. ಕೇಂದ್ರ ಸರ್ಕಾರ 2021ರ ಮಾರ್ಚಿನಲ್ಲಿ ಹೊರತಂದ ಈ ಆ್ಯಪ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ಹಾಜರಿ, ತೂಕ, ಎತ್ತರ, ಗರ್ಭಿಣಿ ಮತ್ತು ಬಾಣಂತಿಯರ ವಿವರ ತುಂಬುತ್ತಾರೆ. ಮನೆಗೆ ಕೊಡುವ ಆಹಾರದ ಪೊಟ್ಟಣಕ್ಕೆ 2025ರ ಜುಲೈಯಿಂದ ಫಲಾನುಭವಿಯ ಮುಖ ಗುರುತಿಸುವುದೂ ಕಡ್ಡಾಯವಾಯಿತು. ಕ್ಯಾಮೆರಾ, ಬೆಳಗಿದ ಪರದೆ, ಇಂಟರ್ನೆಟ್ ಮೂರೂ ಏಕಕಾಲಕ್ಕೆ ಬೇಕಾದ ಕೆಲಸವಿದು. ಅಂಗನವಾಡಿಯಲ್ಲಿ ಸಿಗುವ ಮೈನಸ್ 118ರ ಸಿಗ್ನಲ್ಲಿನಲ್ಲಿ ಇದಕ್ಕೆ ಹಿಡಿಯುವ ಹೊತ್ತೂ ಹೆಚ್ಚು, ತಿನ್ನುವ ಚಾರ್ಜೂ ಹೆಚ್ಚು.

“ಹಾಗಾದರೆ ವೈಫೈಯಲ್ಲಿ ಮಾಡಿ,” ಎಂದ ಅವನು. “ಮನೆಯಲ್ಲಿ ಫೈಬರ್ ಇದೆಯಲ್ಲ?”

“ಇದೆ. ಅದರದ್ದು ಬೇರೆಯೇ ಕಥೆ. ‘ಕನೆಕ್ಟೆಡ್’ ಅಂತ ತೋರಿಸ್ತದೆ, ಇಂಟರ್ನೆಟ್ ಬರೋದಿಲ್ಲ.”

ಇಲ್ಲಿ ಅವನು ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳಿದ. ಆಗ ಮನೆಯ ಇನ್ನೊಂದು ಫೋನಿನಲ್ಲಿ ಇಂಟರ್ನೆಟ್ ಬರುತ್ತದೆಯೋ? ಗೋಡೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿರುತ್ತದೋ? ಅಡುಗೆಮನೆಯಲ್ಲಿ ಮಾತ್ರ ಹೀಗೋ, ಜಗಲಿಯಲ್ಲೂ ಹೀಗೋ? ಮೂರೂ ಪ್ರಶ್ನೆಗಳು ದೋಷವಿರುವ ಜಾಗವನ್ನು ಕಿರಿದು ಮಾಡುತ್ತಾ ಹೋಗುತ್ತವೆ.

ಫೋನಿನಿಂದ ಪೆಟ್ಟಿಗೆಯವರೆಗೆ ಮಾತ್ರ ವೈಫೈ. ಪೆಟ್ಟಿಗೆಯಿಂದಾಚೆಗೆ ಇರುವುದು ಕೂದಲೆಳೆಯಂಥ ಗಾಜಿನ ತಂತಿ. ‘ಕನೆಕ್ಟೆಡ್’ ಎಂಬ ಮಾತು ಮೊದಲ ತುಂಡಿನ ಬಗ್ಗೆಯಷ್ಟೇ ಭರವಸೆ ಕೊಡುತ್ತದೆ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲ. ಕರೆಂಟಿನ ಕಂಬದಿಂದ ಕಂಬಕ್ಕೆ ಎಳೆದ ಫೈಬರಿನ ಮೇಲೆ ಎಲ್ಲೋ ಮರ ಬಿದ್ದಿರಬಹುದು. ಆಗ ಫೋನಿನಲ್ಲಿ ಏನು ಮಾಡಿದರೂ ಉಪಯೋಗವಿಲ್ಲ, ಲೈನ್‌ಮ್ಯಾನ್‌ಗೇ ಹೇಳಬೇಕು. ದೀಪ ಸರಿಯಿದ್ದು ಎಲ್ಲ ಫೋನುಗಳಲ್ಲೂ ಬರದಿದ್ದರೆ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿ ನೋಡಬೇಕು. ಒಂದೇ ಫೋನಿನಲ್ಲಿ ಬರದಿದ್ದರೆ ದೋಷ ಆ ಫೋನಿನದು: ಆ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಪಾಸ್‌ವರ್ಡ್ ಹಾಕುವುದು, ವಿಪಿಎನ್ ಆ್ಯಪ್ ಇದ್ದರೆ ನಿಲ್ಲಿಸುವುದು, ಪ್ರೈವೇಟ್ ಡಿಎನ್‌ಎಸ್ ಎಂಬ ಕಡೆ ಯಾರಾದರೂ ಏನಾದರೂ ಬರೆದಿಟ್ಟಿದ್ದಾರೋ ನೋಡುವುದು. ತಾರೀಖು ಮತ್ತು ಗಂಟೆ ತಪ್ಪಿದ್ದರೂ ಇಂಟರ್ನೆಟ್ ನಿಂತಂತೆ ಕಾಣುತ್ತದೆ, ಏಕೆಂದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ ಮತ್ತು ಫೋನು ತನ್ನ ಗಡಿಯಾರದಿಂದಲೇ ಅದನ್ನು ಪರೀಕ್ಷಿಸುತ್ತದೆ.

“ಜಗಲಿಯಲ್ಲಿ ಬರ್ತದೆ, ಅಡುಗೆಮನೆಯಲ್ಲಿ ಇಲ್ಲ,” ಎಂದರು ಟೀಚರ್.

“ಗೋಡೆ ಎಂತದು?”

“ಜಂಬಿಟ್ಟಿಗೆ. ನಡುವೆ ಎರಡು ಗೋಡೆ.”

“ನಿಮ್ಮ ಫೋನು 5 ಗಿಗಾಹರ್ಟ್ಸ್ ಹಿಡಿದು ಕೂತಿದೆ. ಅದು ವೇಗ ಜಾಸ್ತಿ, ಗೋಡೆ ದಾಟೋ ಶಕ್ತಿ ಕಡಿಮೆ. ಒಳಗೆ ಹೋದಮೇಲೂ ಅದನ್ನೇ ಹಿಡ್ಕೊಂಡಿರ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಇಡಿಸಿ, ಅಡುಗೆಮನೆಯಲ್ಲಿ 2.4 ಬಳಸಿ. ಆಗೋದಾದರೆ ಪೆಟ್ಟಿಗೆಯನ್ನೇ ನಡುಮನೆಗೆ ತನ್ನಿ, ಎತ್ತರದಲ್ಲಿ ಇಡಿ.”

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಮಗನೂ ರಾತ್ರಿ ವೈಫೈ ನಿಧಾನ ಎನ್ನುತ್ತಾನೆ, ಅವನಿಗೂ ಇದೇ ಹೇಳಲೇ ಎಂದು ಟೀಚರ್ ಕೇಳಿದರು. ಅವನಿಗೆ ಹೇಳಬೇಕಾದದ್ದು ಇದಕ್ಕೆ ವಿರುದ್ಧ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹಳ್ಳಿಯ ಒಂಟಿ ಮನೆಗೆ ಅಷ್ಟು ಧಾರಾಳ. ಒಂದೇ ಕಟ್ಟಡದಲ್ಲಿ ಹತ್ತಾರು ಮನೆಗಳ ಪೆಟ್ಟಿಗೆಗಳು ಆ ಮೂರಕ್ಕೇ ಮುಗಿಬಿದ್ದರೆ ಪ್ರತಿಯೊಂದೂ ಸರದಿ ಕಾಯಬೇಕು. ಬ್ಲೂಟೂತ್ ಇಯರ್‌ಫೋನ್ ಕೂಡ ಇದೇ ಪಟ್ಟಿಯಲ್ಲಿ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಾ ಜಾಗ ಹುಡುಕುತ್ತದೆ, ಮೈಕ್ರೋವೇವ್ ಒಲೆ ಸೋರಿಸುವ ಅಲೆಯೂ ಇಲ್ಲೇ ಬರುತ್ತದೆ. ಮಗನಿಗೆ 5 ಗಿಗಾಹರ್ಟ್ಸೇ ಸರಿ. ಅಲ್ಲಿ ಗೋಡೆ ದಾಟದಿರುವುದೇ ಅನುಕೂಲ, ಪಕ್ಕದ ಮನೆಯ ಅಲೆ ಒಳಗೆ ಬರುವುದೂ ಕಡಿಮೆ.

“ಇನ್ನೊಂದು ಕೆಲಸ ಮಾಡುವ,” ಎಂದು ಅವನು ಕಾಲ್ ಸೆಟ್ಟಿಂಗ್ಸಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿದ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರುಮಾಡಿದ ಈ ಸೌಲಭ್ಯದಲ್ಲಿ ಸಾಮಾನ್ಯ ಕರೆಯೇ ಮನೆಯ ವೈಫೈ ಮೂಲಕ ಹೋಗುತ್ತದೆ. ಎದುರಿನವರಿಗೆ ಯಾವ ಆ್ಯಪ್ ಬೇಕಿಲ್ಲ, ನಂಬರ್ ಅದೇ. “ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಆನ್ ಮಾಡಿಡಿ. ಬಹಳಷ್ಟು ಸೆಟ್‌ಗಳಲ್ಲಿ ಕಾಲ್ ಬರ್ತದೆ, ಟವರ್ ಹುಡುಕೋ ಕೆಲಸವೇ ಇರೋದಿಲ್ಲ. ಒಮ್ಮೆ ಯಾರಿಂದಾದರೂ ಕಾಲ್ ಮಾಡಿಸಿ ಖಾತ್ರಿ ಮಾಡ್ಕೊಳ್ಳಿ. ಒಟಿಪಿ ಬರಬೇಕಾದಾಗ ಮಾತ್ರ ಏರ್‌ಪ್ಲೇನ್ ಮೋಡ್ ತೆಗೀರಿ.”

“ಕರೆಂಟ್ ಹೋದರೆ? ಮಳೆಗಾಲದಲ್ಲಿ ಎರಡೆರಡು ದಿನ ಇರೋದಿಲ್ಲ.”

“ಫೈಬರ್ ಪೆಟ್ಟಿಗೆಗಳು ಹೆಚ್ಚಿನವು 12 ವೋಲ್ಟಿನಲ್ಲಿ ನಡೀತವೆ. ಅದಕ್ಕೇ ಅಂತ ಸಣ್ಣ ಯುಪಿಎಸ್ ಬರ್ತದೆ. ಎರಡು ದಿನ ಎಳೆಯೋದಿಲ್ಲ, ಕೆಲವು ಗಂಟೆ ಬರ್ತದೆ. ಅದು ಮುಗಿದಮೇಲೆ ಫೋನ್ ಏರ್‌ಪ್ಲೇನ್ ಮೋಡಲ್ಲಿಟ್ಟು, ಬೇಕಾದಾಗ ಗುಡ್ಡಕ್ಕೆ ಹೋಗಿ ಆನ್ ಮಾಡಿ. ಆಗ ಒಂದೇ ಚಾರ್ಜಿನಲ್ಲಿ ಎರಡು ದಿನ ತಳ್ಳಬಹುದು.”

ಮಳೆಯ ಮಾತು ಬಂದಾಗ ಅವನು ಚಾರ್ಜಿಂಗ್ ಪಿನ್ನಿನೊಳಗೆ ಟಾರ್ಚ್ ಬಿಟ್ಟು ನೋಡಿದ. ಲೋಹದ ಮೇಲೆ ಹಸಿರು ಹಿಡಿಯಲು ಆರಂಭಿಸಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ ತೆಗೆದ. ಒದ್ದೆಯಾದ ಪಿನ್ನಿಗೆ ಚಾರ್ಜರ್ ಸಿಕ್ಕಿಸಿದರೆ ಈ ತುಕ್ಕು ಬೇಗ ಬೆಳೆಯುತ್ತದೆ. ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಹಿಟ್ಟು ಮತ್ತು ಚೂರುಗಳು ಒಳಗೆ ಸೇರುತ್ತವೆ. ಒಲೆಯ ಹತ್ತಿರ ಇಟ್ಟರೆ ನೀರು ಆರುವ ಮುಂಚೆ ಬ್ಯಾಟರಿ ಕೆಡುತ್ತದೆ. ಸ್ವಿಚ್ ಆಫ್ ಮಾಡಿ, ಪಿನ್ ಕೆಳಗೆ ಮಾಡಿ, ಗಾಳಿಯಾಡುವ ಕಡೆ ಇಡುವುದೇ ಸರಿ. ಮುಂದೆ ಎಂದಾದರೂ ಬ್ಯಾಟರಿ ಹಾಕಿಸಬೇಕಾಗಿ ಬಂದರೆ ಅದರ ಮೇಲೆ ಬಿಐಎಸ್ ಗುರುತು ಮತ್ತು ಐಎಸ್ 16046 ಎಂಬ ಮಾನಕದ ಸಂಖ್ಯೆ ಇದೆಯೇ ನೋಡಿ ಎಂದೂ ಹೇಳಿದ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜಿಗೆ ಇಡಬಾರದು.

ಎರಡನೇ ಸಿಮ್ ಆಫ್ ಆಗಿ, ನೆಟ್‌ವರ್ಕ್ 4ಜಿಗೆ ನಿಂತ ಮೇಲೆ ರಾತ್ರಿಯ ಇಳಿತ ಇಪ್ಪತ್ತೇಳರಿಂದ ಹನ್ನೊಂದಕ್ಕೆ ಬಂತು ಎಂದು ಟೀಚರ್ ನಂತರ ಫೋನ್ ಮಾಡಿ ಹೇಳಿದರು. ವೈಫೈ ಇರುವ ರಾತ್ರಿ ಅದು ಮತ್ತೆ ಐದಕ್ಕೆ ಇಳಿಯುತ್ತಿತ್ತು. ಬ್ಯಾಟರಿಯ ಖರ್ಚು ಉಳಿಯಿತು. ಆದರೆ ಹಗಲು ಅಂಗನವಾಡಿಯಲ್ಲಿ ಪರಿಸ್ಥಿತಿ ಬದಲಾಗಲಿಲ್ಲ. ಅಲ್ಲಿ ವೈಫೈ ಇಲ್ಲ, ಸಿಗ್ನಲ್ ಮೈನಸ್ 118.

ಯಾವ ಸೆಟ್ಟಿಂಗಿನಿಂದಲೂ ಸರಿಹೋಗದ ಭಾಗ ಇದು. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಫೋಟೋ ದೇಶವೆಲ್ಲ ಹರಡಿತ್ತು: ಜಡಿಮಳೆಯಲ್ಲಿ ರಸ್ತೆಯ ಬದಿ ಕೂತು ಆನ್‌ಲೈನ್ ಪಾಠ ಕೇಳುವ ವಿದ್ಯಾರ್ಥಿನಿ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ತಂದೆ. ಆ ಕಾಲದಲ್ಲೇ ಮಲೆನಾಡಿನ ಹಲವು ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಅಭಿಯಾನ ನಡೆಯಿತು. ಪಾಠ, ಪಡಿತರ, ಮಗುವಿನ ತೂಕದ ಲೆಕ್ಕ ಎಲ್ಲವೂ ಫೋನಿನ ಮೂಲಕವೇ ಎಂದಾದ ಮೇಲೆ, ಸಿಗ್ನಲ್ ಎಷ್ಟಿದೆ ಎನ್ನುವುದು ಒಬ್ಬೊಬ್ಬರ ಕೈಯ ಸೆಟ್ಟಿನ ಸಮಸ್ಯೆಯಾಗಿ ಉಳಿಯಬಾರದು. ದಿನಕ್ಕೆರಡು ಸಲ ಚಾರ್ಜ್ ಮಾಡುವ ಕರೆಂಟು, ಬೇಗ ಸವೆಯುವ ಬ್ಯಾಟರಿ, ಗುಡ್ಡ ಹತ್ತುವ ಹೊತ್ತು ಎಲ್ಲವನ್ನೂ ಈಗ ಭರಿಸುತ್ತಿರುವುದು ಗೌರವಧನದಲ್ಲಿ ದುಡಿಯುವ ಹೆಂಗಸರು.

“ಮುಂದಿನ ತಿಂಗಳು ಗ್ರಾಮಸಭೆ ಇದೆ,” ಎಂದರು ಮತ್ತೊಮ್ಮೆ ಅಂಗಡಿಗೆ ಬಂದ ಟೀಚರ್. “ನೆಟ್‌ವರ್ಕ್ ಇಲ್ಲ ಅಂತ ಪ್ರತಿ ಸಲ ಹೇಳ್ತೇವೆ. ಇದೆಯಲ್ಲ, ಕಡ್ಡಿ ತೋರಿಸ್ತದಲ್ಲ ಅಂತಾರೆ.”

“ಈ ಸಲ ಅಂಕಿ ಕೊಡಿ. ಅಂಗನವಾಡಿಯ ಜಗಲಿ, ಒಳಗೆ ಮಕ್ಕಳು ಕೂರೋ ಜಾಗ, ಶಾಲೆ, ಬಸ್ ಸ್ಟಾಪು, ನಾಲ್ಕು ಕಡೆ ನೋಡಿ ಬರೀರಿ. ಯಾವ ಕಂಪನಿಯ ಸಿಮ್, ಎಷ್ಟು ಹೊತ್ತಿಗೆ ನೋಡಿದ್ದು, ಅದನ್ನೂ ಬರೀರಿ. ಕರೆಂಟ್ ಇದ್ದಾಗ ಒಂದು ಸಲ, ಕರೆಂಟ್ ಹೋಗಿ ನಾಲ್ಕೈದು ಗಂಟೆ ಆದಮೇಲೆ ಇನ್ನೊಂದು ಸಲ. ಟವರಿನ ಬ್ಯಾಟರಿ ಖಾಲಿಯಾಗಿ ಅದೂ ಮಲಗಿದ್ದರೆ ಅಲ್ಲೇ ಗೊತ್ತಾಗ್ತದೆ.”

ಎಲ್ಲಿ ಯಾವ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ಮೊಬೈಲ್ ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಗುಣಮಟ್ಟದ ನಿಯಮಗಳಲ್ಲಿ ಹೇಳಿದೆ. ತಮ್ಮ ಊರು ಆ ನಕ್ಷೆಯಲ್ಲಿ ಬಣ್ಣ ತುಂಬಿಕೊಂಡು ಕಾಣಿಸಿದರೆ, ಅದರ ಪ್ರಿಂಟನ್ನೂ ಈ ಅಂಕಿಗಳನ್ನೂ ಒಂದೇ ಅರ್ಜಿಗೆ ಲಗತ್ತಿಸಬಹುದು ಎಂಬುದು ರಿಪೇರಿಯವನ ಸಲಹೆ. ಪ್ರಿಂಟನ್ನು ತಾನೇ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಇಡುತ್ತೇನೆ ಎಂದ.

“ಹೋದ ವಾರ ಒಬ್ಬ ಬಾಣಂತಿ ಎರಡು ಮೈಲಿ ನಡೆದು ಬಂದಿದ್ದಳು,” ಎಂದರು ಟೀಚರ್. “ಮುಖದ ಫೋಟೋ ಹೋಗಲೇ ಇಲ್ಲ. ಮಾರನೇ ದಿನ ಮತ್ತೆ ಬರಬೇಕಾಯ್ತು. ಕೂಸನ್ನ ಎತ್ತಿಕೊಂಡು.”

“ಅದನ್ನೂ ಬರೀರಿ ಟೀಚರೇ. ಆ ದಿನದ ತಾರೀಖು ಹಾಕಿ, ಆವತ್ತಿನ ಡಿಬಿಎಂ ಗೊತ್ತಿದ್ದರೆ ಅದರ ಪಕ್ಕದಲ್ಲೇ ಬರೀರಿ. ಹೆಸರು ಬೇಡ. ಎಷ್ಟು ಜನ ಹೀಗೆ ವಾಪಸ್ ಹೋದರು ಅಂತ ತಿಂಗಳಿಗೊಂದು ಲೆಕ್ಕ ಇಡಿ.”

ಟೀಚರ್ ರಾತ್ರಿಗಳ ಲೆಕ್ಕವಿದ್ದ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ನಾಲ್ಕು ಜಾಗಗಳ ಹೆಸರು ಒಂದರ ಕೆಳಗೊಂದು ಬರೆದರು. ಮುಂದೆ ಎರಡು ಖಾನೆ ಎಳೆದು, ಒಂದಕ್ಕೆ ಕರೆಂಟ್ ಇದ್ದಾಗ, ಇನ್ನೊಂದಕ್ಕೆ ಇಲ್ಲದಾಗ ಎಂದು ತಲೆಬರಹ ಕೊಟ್ಟರು. ಮೂರನೆಯ ಖಾನೆ ಬೇಕು ಎಂದು ಅನ್ನಿಸಿ ಅದನ್ನೂ ಎಳೆದು, ಮರಳಿ ಹೋದವರ ಸಂಖ್ಯೆ ಎಂದು ಬರೆದರು. ಪಂಚಾಯಿತಿಗೆ ಕೊಡುವ ಪ್ರತಿಯ ಜೊತೆ ಸಿಡಿಪಿಒ ಆಫೀಸಿಗೂ ಒಂದು ಪ್ರತಿ ಕೊಡಬೇಕು, ಪಕ್ಕದ ಮೂರು ಅಂಗನವಾಡಿಯವರಿಗೂ ಇದೇ ಖಾನೆ ಹಾಕಿಕೊಳ್ಳಲು ಹೇಳಬೇಕು ಎಂದು ಅವನಿಗೆ ತಿಳಿಸಿ, ಅವರು ತಮ್ಮೂರಿನ ಕಡೆ ಹೋಗುವ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ವಿಚಾರಿಸಿದರು.